ಗಡಗಡ ಅನ್ನುವ ಕದ

ನಮ್ಮ ತವರುಮನೆಯಲ್ಲಿ ಹಲಸಿನ ಮರದ ಒಂದು ಬೀರು ಇತ್ತು. ಸಕಲೇಶಪುರದಿಂದ ಹಾನುಬಾಳು ಕಡೆ ಹೋಗುವ ದಾರಿಯ ಹಳೇ ಮನೆ ಅದು. ಬೀರು ಇದ್ದದ್ದು ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ. ಕದ ಎಳೆದರೆ ಗಡಗಡ ಅನ್ನುತ್ತಿತ್ತು. ಕೀಲು ಕಿರುಗುಟ್ಟುವುದು ಬೇರೆ, ಇದು ಬೇರೆ. ಚೌಕಟ್ಟಿನ ಒಳಗೆ ಕೂತಿದ್ದ ಹಲಗೆಯೇ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಅಜ್ಜಿ ಅದರೊಳಗೆ ಬೆಲ್ಲ, ಒಣದ್ರಾಕ್ಷಿ, ಕೊಬ್ಬರಿ ಮಿಠಾಯಿ ಇಡುತ್ತಿದ್ದರು. ನಾವು ಕದಿಯಲು ಹೋದರೆ ಜಗಲಿಯಲ್ಲಿ ಕೂತಿದ್ದವರು ಅಲ್ಲಿಂದಲೇ "ಯಾವಳೇ ಅದು ಬೀರು ತೆಗ್ದಿದ್ದು?" ಅನ್ನುತ್ತಿದ್ದರು. ಆದರೆ ಮಳೆಗಾಲದಲ್ಲಿ ಬೀರು ಬಾಯಿ ಬಿಡುತ್ತಿರಲಿಲ್ಲ. ಆಷಾಢದಲ್ಲಿ ಎಷ್ಟು ಸಲ ತೆಗೆದರೂ ಸಿಕ್ಕಿಬೀಳುತ್ತಿರಲಿಲ್ಲ. ಮಳೆಯ ಸದ್ದಿನಲ್ಲಿ ಅಜ್ಜಿಗೆ ಕೇಳಿಸುತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ಅಜ್ಜಿ ಹೋದ ಮೇಲೆ, ಮನೆ ಪಾಲಾದ ಮೇಲೆ, ಬೀರು ನನ್ನ ಪಾಲಿಗೆ ಬಂತು. ಒಂದು ಆಗಸ್ಟ್ ತಿಂಗಳಲ್ಲಿ ಪಿಕಪ್ ಗಾಡಿಗೆ ಹಾಕಿ, ಮೇಲೆ ಟಾರ್ಪಲ್ ಹೊದೆಸಿ ಹಾಸನಕ್ಕೆ ತಂದೆವು. ಇಳಿಸಿದ ದಿನವೇ ಕದ ಎಳೆದು ನೋಡಿದೆ. ಸದ್ದಿಲ್ಲ. ಗಟ್ಟಿಯಾಗಿ ಕೂತಿತ್ತು. ಚಿಕ್ಕಂದಿನಿಂದ ಆ ಗಡಗಡವನ್ನು ಬೀರಿನ ಒಂದು ಊನ ಅಂತಲೇ ತಿಳಿದುಕೊಂಡಿದ್ದವಳು ನಾನು. ಹೆಂಗೂ ಈಗ ಬಿಗಿಯಾಗಿದೆ, ಹೀಗೇ ಇದ್ದುಬಿಡಲಿ ಅಂತ ಫೆವಿಕಾಲ್ ಡಬ್ಬಿ ತಂದೆ. ಹಲಗೆ ಚೌಕಟ್ಟಿಗೆ ಸೇರುವ ನಾಲ್ಕೂ ಕಡೆ ಸಂದಿಗೆ ಸಿರಿಂಜಿನಲ್ಲಿ ತುಂಬಿದೆ. ಸಾಲದು ಅಂತ ತೆಳುವಾದ ಮರದ ಚಕ್ಕೆ ಸೀಳಿ ಹಿಂದಿನಿಂದ ಬಡಿದೆ. ಮೇಲೆ ಒಂದು ಕೈ ಪಾಲಿಶ್. ಫೋಟೋ ತೆಗೆದು ಮನೆಯವರ ಗ್ರೂಪಿಗೂ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು.

ಮಾರ್ಚ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಎಲ್ಲ ಕಡೆ ಗಪ್ ಚುಪ್. ಆಗ ಹಾಲಿನಿಂದ "ಟಪ್" ಅಂತ ಒಂದು ಸದ್ದು. ಹಲ್ಲಿ ಏನೋ ಬೀಳಿಸಿರಬೇಕು ಅಂತ ಮಗ್ಗುಲು ಬದಲಿಸಿದೆ. ಬೆಳಗ್ಗೆ ನೋಡಿದರೆ ಬೀರಿನ ಎಡಗದದ ಹಲಗೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಬೆಂಕಿಕಡ್ಡಿ ತೂರಿಸುವಷ್ಟು ಸಂದಿ. ಹೆಚ್ಚು ಕಡಿಮೆ ಎಪ್ಪತ್ತು ವರ್ಷ ಏನೂ ಆಗದೆ ನಿಂತಿದ್ದ ಕದವನ್ನು ನಾನು ಏಳು ತಿಂಗಳಲ್ಲಿ ಒಡೆದಿದ್ದೆ. ಅದೂ ರಿಪೇರಿ ಮಾಡಿ.

ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ ಶೆಡ್ ಹಾಕಿಕೊಂಡಿರುವ ಆಚಾರ್ರು ಒಬ್ಬರಿದ್ದಾರೆ. ನಮ್ಮ ಮನೆಯ ಕಿಟಕಿ ಕೆಲಸ ಮಾಡಿದವರು. ಅವರನ್ನು ಕರೆದೆ. ಬಂದವರು ಸೀಳಿನ ಕಡೆ ನೋಡಲೇ ಇಲ್ಲ. ಸೀದಾ ಹಲಗೆಯ ಅಂಚಿಗೆ ಉಗುರು ಹಾಕಿ ಕೆರೆದರು. ಒಣಗಿದ ಅಂಟು ಸಿಪ್ಪೆಯ ಹಾಗೆ ಎದ್ದು ಬಂತು.

"ಯಾರಮ್ಮಾ ಇದಕ್ಕೆ ಗಮ್ ಹಾಕಿದ್ದು?"

"ನಾನೇ ಆಚಾರ್ರೇ. ಲೂಸ್ ಆಗಿತ್ತಲ್ಲ."

ಅವರು ನಕ್ಕರು. "ಮಳೆಗಾಲದಲ್ಲಿ ಮರ ಉಂಡು ಊದ್ಕೊಳ್ಳತ್ತೆ ಕಣಮ್ಮಾ, ಬೇಸ್ಗೇಲಿ ಸೊರಗತ್ತೆ. ಮದುವೆ ಊಟಕ್ಕೆ ಹೋದೋನು ಪಂಚೆ ಸಡ್ಲ ಮಾಡ್ಕೊಳಲ್ವಾ? ನೀವು ಪಂಚೆಗೆ ಹೊಲಿಗೆ ಹಾಕಿಬಿಟ್ಟಿದ್ದೀರಿ."

ಅಷ್ಟು ಹೇಳಿದ ಮೇಲೆ ಅಜ್ಜಿಯ ಮನೆಯ ಆಷಾಢ ನೆನಪಾಯಿತು. ಉತ್ತರ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ನನ್ನ ಕೈಯಲ್ಲಿತ್ತು. ಬೆಲ್ಲದ ಮೇಲೆ ಗಮನ ಇದ್ದದ್ದರಿಂದ ಹೊಳೆಯಲಿಲ್ಲ.

ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಉಬ್ಬುವುದು ಅಗಲಕ್ಕೆ ಮಾತ್ರ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಮ್ಮಿ. ಎಲ್ಲರೂ ಹೊಗಳುವ ತೇಗವನ್ನೇ ತೆಗೆದುಕೊಳ್ಳಿ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ವರ್ಷದುಂಗುರದ ಗುಂಟ ನೂರಕ್ಕೆ ಐದಾರು ಪಾಲು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು ಕುಗ್ಗುತ್ತದೆ. ಉದ್ದಕ್ಕೆ ನೂರಕ್ಕೆ ಕಾಲು ಪಾಲೂ ಇಲ್ಲ. ತೇಗ ಇವುಗಳಲ್ಲೆಲ್ಲ ಸಾಧು ಮರ, ಅದರದ್ದೇ ಈ ಕಥೆ. ಮನೆಯೊಳಗೆ ಬಂದ ಮೇಲೂ ಜುಲೈಗೂ ಮಾರ್ಚ್‌ಗೂ ನಡುವೆ ಒಂದಡಿ ಅಗಲದ ಹಲಗೆ ಒಂದು ನೂಲಿನವರೆಗೆ ಹೆಚ್ಚು ಕಮ್ಮಿ ಆಗಬಹುದು. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಬಡಗಿಗಳ ಲೆಕ್ಕ ಇವತ್ತಿಗೂ ಅದರಲ್ಲೇ. ನನ್ನ ಬೀರಂತೂ ಸಕಲೇಶಪುರದ ಮಳೆಯಲ್ಲಿ ಹೊಟ್ಟೆತುಂಬ ಕುಡಿದು ಬಂದಿತ್ತು. 40 ಕಿ.ಮೀ. ಈಚೆಗೆ ಬಂದು ಹಾಸನದ ಮಾರ್ಚ್ ನೋಡಿತು. ಅಂಟು ನಾಲ್ಕೂ ಕಡೆ ಹಿಡಿದುಕೊಂಡಿತ್ತು. ಕುಗ್ಗಲು ಬೇರೆ ದಾರಿ ಇಲ್ಲದೆ ನಡುವೆ ಸೀಳಿತು. ಚೌಕಟ್ಟಿನ ಒಳ ಅಂಚಿನಲ್ಲಿ ಕೊರೆದ ಸಂದಿಯಲ್ಲಿ, ಅಂದರೆ ಗ್ರೂವ್‌ನಲ್ಲಿ, ಹಲಗೆಯನ್ನು ಸುಮ್ನೆ ತೇಲಲು ಬಿಡುವುದು ಈ ಕಾರಣಕ್ಕೇ.

ಮೂರು ಬಿಟ್‌ಗಳ ಪೆಟ್ಟಿಗೆ

ಸೀಳಿದ ಕದವನ್ನು ಆಚಾರ್ರು ಬಿಚ್ಚಿ, ಅಂಟು ಕೆರೆದು, ಸೀಳಿಗೆ ಹಲಸಿನದೇ ಪಟ್ಟಿ ತುಂಬಿ ಕೊಟ್ಟರು. ಆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನಗೆ ಒಳಗೇ ಕೊರೆಯುತ್ತಿತ್ತು. ಒಡೆದವಳು ಒಂದಾದರೂ ಕಟ್ಟಬೇಡವೇ? ಅಡುಗೆಮನೆಯಲ್ಲಿ ಮೇಲಿನ ಕಪಾಟಿಗೆ ನಾಲ್ಕು ಕದ ಹಾಕಿಸುವುದು ಬಾಕಿ ಇತ್ತು. ತವರಿನ ಅಟ್ಟದಿಂದ ಕಿತ್ತ ಹಲಸಿನ ಹಲಗೆಗಳು ಕಾರ್ ಶೆಡ್ಡಿನಲ್ಲಿ ಬಿದ್ದಿದ್ದವು. ಭಾನುವಾರ ಭಾನುವಾರ ನಿಮ್ಮ ಶೆಡ್ಡಿಗೆ ಬರಲಾ ಅಂತ ಆಚಾರ್ರನ್ನು ಕೇಳಿದೆ. "ಬನ್ನಿ, ಸೆರಗು ಬೇಡ, ಬಳೆ ಬೇಡ" ಅಂದರು. ಮನೆಯವರು ಮಾತ್ರ "ಪ್ಲೈವುಡ್ ಶಟರ್ ಆದ್ರೆ ಎರಡು ದಿನದ ಕೆಲಸ" ಅಂತ ಪ್ರತಿ ಭಾನುವಾರ ನೆನಪಿಸುತ್ತಿದ್ದರು.

ಮರ ಕೊರೆಯುವ ರೂಟರ್ ಅನ್ನುವ ಯಂತ್ರಕ್ಕೆ ಸಿಕ್ಕಿಸುವ, ಸುತ್ತುವ ಅಲಗುಗಳೇ ಬಿಟ್. ಅವನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಕೆಂಪು ಬಣ್ಣ ಬಳಿದ, ಹಲ್ಲಿಗೆ ಕಾರ್ಬೈಡ್ ಕೂರಿಸಿದ ಮೂರು ಬಿಟ್. ಒಂದು, ಚೌಕಟ್ಟಿನ ಪಟ್ಟಿಗಳ ಒಳ ಅಂಚಿಗೆ ನಮೂನೆ ಕೊರೆದು, ಅದೇ ಓಟದಲ್ಲಿ ಹಲಗೆ ಕೂರಲು ಗ್ರೂವ್ ಕೂಡ ಹೊಡೆಯುವುದು. ಎರಡನೆಯದು ಅಡ್ಡಪಟ್ಟಿಯ ತುದಿಯಲ್ಲಿ ಅದೇ ನಮೂನೆಯನ್ನು ತಿರುವುಮುರುವಾಗಿ ಕೊರೆಯುವುದು. ಆಗ ಅಡ್ಡಪಟ್ಟಿ ಉದ್ದಪಟ್ಟಿಗೆ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕೂರುತ್ತದೆ. ಮೂರನೆಯದೇ ದೊಡ್ಡಣ್ಣ. ನಡುವಿನ ಹಲಗೆಯ ಅಂಚನ್ನು ಇಳಿಜಾರು ಮಾಡುವುದು. ಮೂರೂವರೆ ಇಂಚು ಅಗಲ, ಅಂಗೈ ತುಂಬ. ಪೆಟ್ಟಿಗೆ ಬಿಚ್ಚಿದಾಗ ಮರದ ತೊಟ್ಟಿಲಲ್ಲಿ ಮೂರು ಮಕ್ಕಳು ಮಲಗಿದ ಹಾಗಿತ್ತು. ಜೊತೆಗೊಂದು ಚೀಟಿ. ಅದರಲ್ಲಿ ಅಳತೆ ಇತ್ತು, ಚಿತ್ರ ಇತ್ತು. ಹಲಗೆಗೆ ಅಂಟು ಹಾಕಬಾರದು ಅಂತ ಒಂದು ಸಾಲೂ ಇರಲಿಲ್ಲ.

ಮೊದಲ ಭಾನುವಾರ ಕೆಲಸವೇ ಆಗಲಿಲ್ಲ. ನಾನು ತರಿಸಿದ ಬಿಟ್‌ನ ಕಾಲಿನ ದಪ್ಪ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಆಚಾರ್ರ ರೂಟರಿನ ಕಾಲೆಟ್, ಅಂದರೆ ಆ ಕಾಲನ್ನು ಕಚ್ಚಿ ಹಿಡಿಯುವ ಬಾಯಿ, 12 ಮಿಲಿಮೀಟರ್. ಮುಕ್ಕಾಲು ಮಿಲಿಮೀಟರೂ ಇಲ್ಲದ ವ್ಯತ್ಯಾಸಕ್ಕೆ ಬಿಟ್ ಒಳಗೆ ಇಳಿಯಲೇ ಇಲ್ಲ. "ಇಳೀದಿದ್ದೇ ಪುಣ್ಯ" ಅಂದರು ಆಚಾರ್ರು. ಉಲ್ಟಾ ಆಗಿದ್ದರೆ ಕಷ್ಟ. ದೊಡ್ಡ ಕಾಲೆಟ್‌ಗೆ ಸಣ್ಣ ಕಾಲಿನ ಬಿಟ್ ಇಟ್ಟು, ಸುತ್ತ ಕಾಗದ ಸುತ್ತಿ ಬಿಗಿ ಮಾಡಿದ ಹುಡುಗನೊಬ್ಬ ಹಿಂದೆ ಅವರಲ್ಲಿ ಕೆಲಸಕ್ಕಿದ್ದ. ಬಿಟ್ ಕಳಚಿ ಹಾರಿತು. ಶೆಡ್ಡಿನ ತಗಡಿನಲ್ಲಿ ಆ ತೂತು ಈಗಲೂ ಇದೆ, ಮಧ್ಯಾಹ್ನ ಅದರಿಂದ ನೆಲಕ್ಕೆ ಒಂದು ಬಿಸಿಲಿನ ಚುಕ್ಕೆ ಬೀಳುತ್ತದೆ. ಹುಡುಗನಿಗೆ ಏನೂ ಆಗಲಿಲ್ಲ. ಆಚಾರ್ರು ಆ ತೂತು ಮುಚ್ಚಿಸಿಲ್ಲ, ಹೊಸಬರಿಗೆ ತೋರಿಸಲಿಕ್ಕೆ ಇರಲಿ ಅಂತ. ಅರ್ಧ ಇಂಚಿನ ಕಾಲೆಟ್ ಪಕ್ಕದ ಶೆಡ್ಡಿನಲ್ಲಿ ಸಿಕ್ಕಿತು.

ಅಟ್ಟದ ಹಲಗೆಗಳದ್ದು ಇನ್ನೊಂದು ರಾಮಾಯಣ. ಅವುಗಳ ತುಂಬ ಮೊಳೆ. ತಲೆ ಮುರಿದು, ತುಕ್ಕು ಹಿಡಿದು, ಮರದ ಬಣ್ಣಕ್ಕೇ ತಿರುಗಿದ್ದವು. ಕಾರ್ಬೈಡ್ ಗಟ್ಟಿ, ಆದರೆ ಗಾಜಿನ ಹಾಗೆ. ಒಂದು ಮೊಳೆ ಸಿಕ್ಕರೆ ಚೂರು ಎದ್ದು ಹೋಗುತ್ತದೆ, ಆಮೇಲೆ ಆ ಬಿಟ್ ಓಡಿದಲ್ಲೆಲ್ಲ ಗೀರು. ಆಚಾರ್ರು ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ತೂಗಾಡಿಸುತ್ತಾ ಹೋದರು. ಎಲ್ಲಿ ಅದು ಬಾಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ತೋಟದಲ್ಲಿ ಬೋರ್ ಪಾಯಿಂಟ್ ನೋಡುವವರು ತೆಂಗಿನಕಾಯಿ ಹಿಡಿದು ಓಡಾಡುವ ಹಾಗೆಯೇ ಇತ್ತು. ಇದು ಮಾತ್ರ ಪ್ರತಿ ಸಲವೂ ಫಲ ಕೊಟ್ಟಿತು. ಇಪ್ಪತ್ತಮೂರು ಮೊಳೆ. ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

"ಇಷ್ಟು ಹಳೇ ಮರ, ಇನ್ನೇನು ಒಣಗೋದಿದೆ? ಇದೂ ಉಬ್ಬುತ್ತಾ?" ಅಂತ ಕೇಳಿದೆ.

"ನನ್ನ ವಯಸ್ಸಿಗೂ ಹಸಿವಾಗತ್ತಲ್ಲಮ್ಮಾ."

ಲೆಕ್ಕದಲ್ಲೇ ಮೊದಲ ಪೆಟ್ಟು ತಿಂದೆ. ನಾನು ಆಫೀಸಿನಲ್ಲಿ ದಿನವಿಡೀ ಲೆಕ್ಕ ಬರೆಯುವವಳು, ಅದಕ್ಕೇ ನಾಚಿಕೆ ಜಾಸ್ತಿ. ಕದ 15 ಇಂಚು ಅಗಲ. ಎರಡು ಕಡೆ ಉದ್ದಪಟ್ಟಿ ತಲಾ 2 ಇಂಚು. ಹದಿನೈದರಲ್ಲಿ ನಾಲ್ಕು ಕಳೆದರೆ ಹನ್ನೊಂದು. ಎಂಟು ಅಡ್ಡಪಟ್ಟಿಗಳನ್ನೂ 11 ಇಂಚಿಗೆ ಟಕಟಕ ಕತ್ತರಿಸಿಟ್ಟೆ. ಅಡ್ಡಪಟ್ಟಿಯ ತುದಿ ಉದ್ದಪಟ್ಟಿಯ ಗ್ರೂವ್ ಒಳಗೆ ಎರಡು ಕಡೆಯೂ ಮೂರು ಮೂರು ನೂಲು ಇಳಿಯಬೇಕು ಅನ್ನುವುದು ಮರೆತೇ ಹೋಗಿತ್ತು. 11 ಇಂಚು 6 ನೂಲು ಇರಬೇಕಿತ್ತು. ಆಚಾರ್ರು ಬೈಯಲಿಲ್ಲ. ಎಂಟೂ ತುಂಡು ಎತ್ತಿ ಪಕ್ಕಕ್ಕಿಟ್ಟು "ಇವು ಬಿಟ್ ಸೆಟ್ ಮಾಡೋಕೆ ಸ್ಯಾಂಪಲ್" ಅಂದರು. ನಿಜಕ್ಕೂ ಬೇಕಾದವು. ಮೊದಲ ಬಿಟ್‌ನಲ್ಲಿ ಕೊರೆದ ತುಂಡನ್ನು ಎದುರಿಗಿಟ್ಟುಕೊಂಡು ಎರಡನೆಯ ಬಿಟ್‌ನ ಎತ್ತರ ಹೊಂದಿಸಬೇಕು. ಕೂದಲೆಳೆಯಷ್ಟು ಏರುಪೇರಾದರೂ ಜೋಡಿಸಿದಾಗ ಮೆಟ್ಟಿಲು ಬಂದುಬಿಡುತ್ತದೆ, ಬೆರಳಾಡಿಸಿದರೆ ತಾಗುತ್ತದೆ. ಎಲ್ಲ ಪಟ್ಟಿಗಳ ಮುಖ ಟೇಬಲ್ಲಿನ ಕಡೆಗೇ ಇರಬೇಕು. ಒಂದನ್ನು ಅಂಗಾತ ಇಟ್ಟು ಹೊಡೆದಿರೋ, ಅದೂ ಸ್ಯಾಂಪಲ್ ಗುಂಪಿಗೆ. ನಮ್ಮ ಸ್ಯಾಂಪಲ್ ಗುಂಪು ಕೊನೆಗೆ ಹದಿಮೂರಕ್ಕೆ ನಿಂತಿತು.

ಚಕ್ರ

ದೊಡ್ಡ ಬಿಟ್‌ಗೆ ಆಚಾರ್ರು ಇಟ್ಟ ಹೆಸರು "ಚಕ್ರ". ಸುದರ್ಶನ ಚಕ್ರ ಅಂತ ಪೂರ್ತಿ ಹೇಳುವುದು ಸಿಟ್ಟು ಬಂದಾಗ. ಅದನ್ನು ಹಿಡಿಯುವ ಭಾನುವಾರ ಅವರು ಶೆಡ್ಡಿನಲ್ಲಿ ಬೇರೆ ಯಾರನ್ನೂ ಇಟ್ಟುಕೊಂಡಿರಲಿಲ್ಲ. ರೂಟರನ್ನು ಟೇಬಲ್ಲಿನ ಕೆಳಗೆ ತಲೆಕೆಳಗಾಗಿ ಕಟ್ಟಿತ್ತು. ಈ ಬಿಟ್ ಹಾಕಿದ ರೂಟರನ್ನು ಕೈಯಲ್ಲಿ ಹಿಡಿಯುವ ಮಾತೇ ಇಲ್ಲ. ಮೊದಲು ವೇಗದ ತಿರುಗಣೆಯನ್ನು ಕೆಳಕ್ಕೆ ಇಳಿಸಿದರು. ಸಣ್ಣ ಬಿಟ್‌ಗಳು ನಿಮಿಷಕ್ಕೆ 22,000 ಸುತ್ತು ಸುತ್ತಿದರೂ ತೊಂದರೆ ಇಲ್ಲ. ಇದಕ್ಕೆ 10,000 ಸುತ್ತಮುತ್ತ ಸಾಕು. ಯಾಕೆ ಅಂತ ನಾನು ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಮೂರೂವರೆ ಇಂಚಿನ ಬಿಟ್‌ನ ಅಂಚು ಒಂದು ಸುತ್ತಿಗೆ 28 ಸೆಂಟಿಮೀಟರ್ ಓಡುತ್ತದೆ. 22,000 ಸುತ್ತಿನಲ್ಲಿ ಅದು ಗಂಟೆಗೆ 370 ಕಿ.ಮೀ. ಹತ್ತಿರ. 10,000ಕ್ಕೆ ಇಳಿಸಿದರೂ 168. ನಮ್ಮ ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಯಾವ ಹುಚ್ಚನೂ ಓಡಿಸದ ವೇಗದಲ್ಲಿ ಎರಡು ಹಲ್ಲು ಬೆರಳಿನಿಂದ ಒಂದು ಗೇಣು ದೂರದಲ್ಲಿ ಓಡುತ್ತಿರುತ್ತವೆ. ಈ ಲೆಕ್ಕ ಮೊದಲೇ ಹಾಕಿದ್ದರೆ ನಾನು ಆ ದಿನ ಹೋಗುತ್ತಲೇ ಇರಲಿಲ್ಲ.

ಒಂದೇ ಓಟದಲ್ಲಿ ಪೂರ್ತಿ ಕೊರೆಯಲು ಹೋಗಬಾರದು. ಬಿಟ್ಟನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾ ನಾಲ್ಕೈದು ಓಟ. ಹಲಗೆಯನ್ನು ಬಲಗಡೆಯಿಂದ ಎಡಗಡೆಗೆ ತಳ್ಳಬೇಕು, ಬಿಟ್ ಸುತ್ತುವ ದಿಕ್ಕಿಗೆ ಎದುರಾಗಿ. ಅದರ ಜೊತೆಗೆ ತಳ್ಳಿದರೆ ಹಲಗೆಯನ್ನು ನಮ್ಮ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಮೊದಲು ಮೇಲೆ ಕೆಳಗಿನ ಅಡ್ಡ ಅಂಚು, ಆಮೇಲೆ ಉದ್ದದ ಅಂಚು. ಅಡ್ಡ ಅಂಚಿನಲ್ಲಿ ಮರದ ನಾರನ್ನು ಕಡಿದುಕೊಂಡು ಹೋಗುವುದರಿಂದ ಕೊನೆಯ ಮೂಲೆಯಲ್ಲಿ ಚಕ್ಕೆ ಏಳುತ್ತದೆ. ಉದ್ದದ ಅಂಚು ಕೊರೆದಾಗ ಆ ಚಕ್ಕೆ ಎದ್ದ ಜಾಗವೂ ಹೊರಟುಹೋಗುತ್ತದೆ. ಇಷ್ಟು ಚೆಂದದ ಉಪಾಯ ಯಾರು ಕಂಡುಹಿಡಿದರೋ! ತಪ್ಪು ಆಗಿಯೇ ಆಗುತ್ತದೆ ಅಂತ ಒಪ್ಪಿಕೊಂಡು, ಆಮೇಲೆ ಒರೆಸಿಹೋಗುವ ಕಡೆಯೇ ಅದು ಆಗಲಿ ಅಂತ ಸಾಲು ಹೊಂದಿಸುವುದು.

ಮೊದಲ ಹಲಗೆಯ ಎರಡನೆಯ ಓಟ. ಹಲಸಿನ ಮರ ಹೊರಗೆ ಹೊಗೆ ಹಿಡಿದು ಕಪ್ಪಗಿತ್ತು. ಬಿಟ್ ತಾಗಿದ ಕಡೆ ಅರಿಶಿನದ ಹಾಗೆ ಹಳದಿ ಬಿಚ್ಚಿಕೊಂಡಿತು. ಪುಡಿಯೂ ಹಳದಿ. ನನ್ನ ಕೈ, ಆಚಾರ್ರ ಹುಬ್ಬು, ಟೇಬಲ್ಲು, ಎಲ್ಲ ಹಳದಿ. ಮದುವೆಮನೆಯ ಹಾಗಿತ್ತು. ಅರ್ಧ ಹಲಗೆ ಹೋಗಿತ್ತು, ಅಷ್ಟರಲ್ಲಿ ಸದ್ದು ಇಳಿಯುತ್ತಾ ಬಂದು ನಿಂತೇ ಹೋಯಿತು. ಕರೆಂಟ್. ನಾನು "ಅಯ್ಯೋ" ಅಂದು ಹಲಗೆ ಬಿಟ್ಟು ಬೆವರು ಒರೆಸಿಕೊಳ್ಳಲು ಕೈ ಎತ್ತಿದೆ. ಆಚಾರ್ರು ಮಾತಾಡದೆ ಬಗ್ಗಿ ಸ್ವಿಚ್ ಆರಿಸಿದರು. ಆಮೇಲೆ ಗೋಡೆಯ ಪ್ಲಗ್ಗನ್ನೂ ಕಿತ್ತರು. ಆಮೇಲೆ ನನ್ನ ಕಡೆ ತಿರುಗಿದರು.

"ಕರೆಂಟ್ ಹೋದಾಗ ಮೊದಲು ಕೈ ಎಲ್ಲಿಗೆ ಹೋಗ್ಬೇಕು?"

ನನಗೆ ಆಗ ಅರ್ಥವಾಯಿತು. ಸ್ವಿಚ್ ಆನ್ ಇದ್ದ ಹಾಗೇ ಇತ್ತು. ಕರೆಂಟ್ ವಾಪಸ್ ಬಂದ ಕ್ಷಣ ಚಕ್ರ ತಾನಾಗಿಯೇ ತಿರುಗುತ್ತದೆ. ಹಲಗೆ ಓರೆಯಾಗಿ ಬಿದ್ದಿತ್ತು, ನನ್ನ ಕೈ ಅದರ ಮೇಲೆ ಬರುವುದರಲ್ಲಿತ್ತು. ಇಬ್ಬರೂ ಹೊರಗೆ ಬಂದು ಕಲ್ಲಿನ ಮೇಲೆ ಕೂತೆವು. ಆಚಾರ್ರು ಎಲೆ ಅಡಿಕೆ ಹಾಕಿಕೊಂಡರು. ಮುಕ್ಕಾಲು ಗಂಟೆ ಕರೆಂಟ್ ಬರಲಿಲ್ಲ. ನನ್ನ ಮೊಣಕಾಲು ಅಷ್ಟು ಹೊತ್ತೂ ನಡುಗುತ್ತಲೇ ಇತ್ತು.

ಆ ಮುಕ್ಕಾಲು ಗಂಟೆಯಲ್ಲಿ ಅವರು ತಮ್ಮ ಅಪ್ಪನ ವಿಷಯ ಹೇಳಿದರು. ಅಪ್ಪ ಇದೇ ಕೆಲಸವನ್ನು ಹತ್ತರಿಯಲ್ಲಿ ಮಾಡುತ್ತಿದ್ದರು. ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ನಾಲ್ಕೂ ಅಂಚನ್ನು ಓರೆಯಾಗಿ ಹೆರೆಯುವುದು. ಉಳಿಯಲ್ಲಿ ಗ್ರೂವ್ ತೆಗೆಯುವುದು. ಒಂದು ಕದಕ್ಕೆ ಎರಡು ದಿನ, ಕೆಲವೊಮ್ಮೆ ಮೂರು. ನನ್ನಂಥವಳು ಈ ಜಾಗದಲ್ಲಿ ಕೈಕೆಲಸದ ಸೊಗಸು ಅಂತ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಹೇಳಿಯೂ ಬಿಟ್ಟೆ. ಆಚಾರ್ರಿಗೆ ಇಷ್ಟವಾಗಲಿಲ್ಲ. "ಅಪ್ಪನ ಬಲಗೈ ಐವತ್ತಕ್ಕೇ ಮೇಲಕ್ಕೆ ಎತ್ತೋಕಾಗ್ತಿರಲಿಲ್ಲ. ತಲೆ ಬಾಚಿಕೊಳ್ಳೋಕೆ ಅಮ್ಮ ಬೇಕಿತ್ತು. ಸೊಗಸು ನೋಡೋರಿಗೆ" ಅಂದರು. ಆಮೇಲೆ ಬೇಲೂರಿನ ಮಾತು ತೆಗೆದರು. ಗುಡಿಯೊಳಗಿನ ಆ ದುಂಡು ಕಂಬಗಳನ್ನು ನೋಡಿದ್ದೀರಲ್ಲ, ಬಳೆ ಜೋಡಿಸಿದ ಹಾಗಿರುವವು. ತಿರುಗಣಿಗೆ ಹಾಕಿ ಕಡೆದದ್ದು ಅದು. ನುಣುಪಾದ ಬಳಪದ ಕಲ್ಲು, ತಿರುಗುವ ಕಲ್ಲಿಗೆ ಉಳಿ ಹಿಡಿದದ್ದು. "1117ನೇ ಇಸವಿಯಲ್ಲೇ ಯಂತ್ರ ಇತ್ತು ನಮ್ಮ ಜನಕ್ಕೆ. ಆವಾಗ ಯಾರೂ ಅಳಲಿಲ್ಲ." ಗೈಡುಗಳು ಹೇಳುವುದನ್ನು ಕೇಳಿ ಕೇಳಿ ಇಸವಿ ಅವರಿಗೆ ಬಾಯಿಪಾಠ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಚೌಕಟ್ಟು ಬೇಡದ ಕದಗಳು

ಈ ನಡುವೆ ನಾನು ಯಾರ ಮನೆಗೆ ಹೋದರೂ ಮೊದಲು ನೋಡುವುದು ಅಡುಗೆಮನೆಯ ಕದ. ಕೆಟ್ಟ ಅಭ್ಯಾಸ, ಗೊತ್ತು. ಹಾಸನದ ಹೊಸ ಬಡಾವಣೆಗಳಲ್ಲಿ ಈಗ ಜಾಸ್ತಿ ಇರುವುದು ಮೆಂಬ್ರೇನ್ ಶಟರ್. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ 18 ಮಿಲಿಮೀಟರ್ ಎಂ.ಡಿ.ಎಫ್. ಹಾಳೆಯ ಮೇಲೆ ಕಂಪ್ಯೂಟರ್ ಓಡಿಸುವ ರೂಟರಿನಲ್ಲಿ ಚೌಕಟ್ಟು, ಇಳಿಜಾರು, ನಡುವಿನ ಉಬ್ಬು ಎಲ್ಲ ಗೀಚಿ, ಮೇಲೆ ಪಿ.ವಿ.ಸಿ. ಹಾಳೆಯನ್ನು ಬಿಸಿಮಾಡಿ ಎಳೆದು ಅಂಟಿಸುವುದು. ದೂರದಿಂದ ನೋಡಿದರೆ ನಮ್ಮ ಅಜ್ಜಿಯ ಬೀರಿನ ಕದವೇ. ತಟ್ಟಿ ನೋಡಿದರೆ ಗೊತ್ತಾಗುತ್ತದೆ, ಒಂದೇ ತುಂಡು. ಎಂ.ಡಿ.ಎಫ್.ನಲ್ಲಿ ನಾರಿಗೆ ದಿಕ್ಕಿಲ್ಲ, ಮರದ ಹಾಗೆ ಅಗಲಕ್ಕೆ ಮಾತ್ರ ಹಿಗ್ಗಿ ಕುಗ್ಗುವ ಗೋಜಿಲ್ಲ. ಹಾಗಾಗಿ ಅದಕ್ಕೆ ಚೌಕಟ್ಟೇ ಬೇಡ. ಹಲಗೆಯ ಅಂಚು ತೆಳುವಾಗಬೇಕಾದ ಅವಶ್ಯಕತೆಯೂ ಇಲ್ಲ. ಆದರೂ ಆ ಆಕಾರ ಬೇಕು, ಯಾಕೆಂದರೆ ಕದ ಅಂದರೆ ಹಾಗಿರಬೇಕು ಅಂತ ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಇದೇನು ಹೊಸ ಮೋಸ ಅಂತ ನಾನು ಹೇಳುತ್ತಿಲ್ಲ. ಅಜಂತಾದ ಚೈತ್ಯದಲ್ಲಿ ಕಲ್ಲಿನ ಚಾವಣಿಗೆ ಮರದ ತೊಲೆಗಳ ಹಾಗೆ ಕೆತ್ತಿದ್ದಾರೆ, ಯಾವ ಭಾರವನ್ನೂ ಹೊರದ ತೊಲೆಗಳು. ನನ್ನ ಓರಗಿತ್ತಿಯ ಮನೆಯಲ್ಲಿರುವುದು ಮೆಂಬ್ರೇನೇ. ಚೆನ್ನಾಗಿದೆ. ಒರೆಸಲು ಸುಲಭ. ಸಿಂಕಿನ ಕೆಳಗಿನ ಒಂದು ಕದಕ್ಕೆ ನೀರು ಹೊಕ್ಕು ಮೂಲೆ ಹಪ್ಪಳದ ಹಾಗೆ ಉಬ್ಬಿದೆ, ಅಷ್ಟೇ.

ನನಗೆ ಸೋಜಿಗವಾದದ್ದು ಬೇರೆ. ಕಾರಣ ಗೊತ್ತಿಲ್ಲದೆ ಆಕಾರ ಇಟ್ಟುಕೊಳ್ಳುವವರನ್ನು ನೋಡಿ ನಗುವ ಹಕ್ಕು ನನಗೆಲ್ಲಿದೆ? ನಾನು ಅಸಲಿ ಕದ ಇಟ್ಟುಕೊಂಡೇ ಅದಕ್ಕೆ ಅಂಟು ಹಾಕಿದವಳು.

ಸದ್ದು ಎಲ್ಲಿ ಹೋಯಿತು

ಜುಲೈ ಮೊದಲ ವಾರ ನಾಲ್ಕೂ ಕದ ಜೋಡಿಸಿದೆವು. ಹಲಗೆ ಒಂದೊಂದೂ 11 ಇಂಚು 4 ನೂಲು ಅಗಲ, ಅಂದರೆ ಎರಡು ಕಡೆಯೂ ಗ್ರೂವ್ ಒಳಗೆ ಒಂದೊಂದು ನೂಲು ಖಾಲಿ. ಮಳೆಗಾಲದಲ್ಲಿ ಜೋಡಿಸುವಾಗ ಮರ ಆಗಲೇ ಉಬ್ಬಿರುತ್ತದೆ, ಇಷ್ಟು ಜಾಗ ಸಾಕು; ಬೇಸಿಗೆಯಲ್ಲಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬಿಡುತ್ತಿದ್ದೆ ಅಂದರು ಆಚಾರ್ರು. ಅಂಟು ಮೂಲೆಗಳಿಗೆ ಮಾತ್ರ, ಅದೂ ತೀಡಿದ ಹಾಗೆ, ಹಿಂಡಿ ಒಳಗೆ ಹರಿಯದಷ್ಟು. ಖಾಲಿ ಜಾಗದಲ್ಲಿ ಸೈಕಲ್ ಟ್ಯೂಬಿನ ಸಣ್ಣ ಚೂರುಗಳನ್ನು ಇಟ್ಟರು, ಹಲಗೆ ನಡುವೆಯೇ ನಿಲ್ಲಲಿ ಅಂತ. ಹಲಗೆಗೆ ಮೊದಲೇ, ಜೋಡಿಸುವುದಕ್ಕಿಂತ ಮುಂಚೆಯೇ, ಅಂಚಿನವರೆಗೂ ಪಾಲಿಶ್ ಹಾಕಿಬಿಡಿ ಅಂತ ಹೇಳಿದ್ದರು. ಮೂರಕ್ಕೆ ಹಾಕಿದೆ. ನಾಲ್ಕನೆಯದಕ್ಕೆ ಆ ದಿನ ಕತ್ತಲಾಗಿತ್ತು, ಜೋಡಿಸಿದ ಮೇಲೆ ಹಾಕಿದರಾಯಿತು ಅಂತ ಸುಮ್ಮನಾದೆ.

ಕದಗಳು ಏರಿದವು. ನಾನು ಕಾಯುತ್ತಿದ್ದದ್ದು ಬೇಸಿಗೆಗೆ. ನಿಜ ಹೇಳುತ್ತೇನೆ, ಆ ಗಡಗಡ ಸದ್ದಿಗಾಗಿ ಕಾಯುತ್ತಿದ್ದೆ. ಅದು ಊನ ಅಲ್ಲ ಅಂತ ಕಲಿತ ಮೇಲೆ ಅದೇ ದೊಡ್ಡ ಗುಣ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಡಿಸೆಂಬರ್ ಬಂತು, ಫೆಬ್ರವರಿ ಬಂತು. ಮೇಲಿನ ಕದ ಎಳೆಯುತ್ತೇನೆ, ಸದ್ದಿಲ್ಲ. ಅಂಗೈಯಿಂದ ಬಡಿದು ನೋಡುತ್ತೇನೆ, ಸದ್ದಿಲ್ಲ. ಹಾಲಿನಲ್ಲಿ ಅಜ್ಜಿಯ ಬೀರು ಮಾತ್ರ ಮೊದಲಿನ ಹಾಗೇ ಗಡಗಡ. ಎಲ್ಲೋ ಅಂಟು ಹರಿದು ಹಲಗೆ ಹಿಡಿದುಕೊಂಡಿದೆಯಾ ಅಂತ ಭಯವಾಗಿ ಆಚಾರ್ರಿಗೆ ಫೋನ್ ಮಾಡಿದೆ. ಸಂಜೆ ಬಂದರು. ಜೇಬಿನಲ್ಲಿ ಎರಡು ಮರದ ಚೂರು ತಂದಿದ್ದರು. ಒಂದು ನಮ್ಮ ಸ್ಯಾಂಪಲ್ ಗುಂಪಿನದು. ಇನ್ನೊಂದು ಅವರೇ ಹತ್ತರಿಯಲ್ಲಿ ಹೆರೆದದ್ದು, ಅಪ್ಪನ ಹಾಗೆ.

ಎರಡನ್ನೂ ಅಡ್ಡಕ್ಕೆ ಹಿಡಿದು ತೋರಿಸಿದರು. ಹತ್ತರಿಯದು ಬೆಣೆಯ ಆಕಾರ. ಅಂಚಿನಿಂದ ಒಳಗೆ ಹೋಗುತ್ತಾ ಒಂದೇ ಸಮನೆ ದಪ್ಪವಾಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಹಲಗೆ ಉಬ್ಬಿದಾಗ ಈ ಬೆಣೆ ಗ್ರೂವ್‌ಗೆ ನುಗ್ಗಿ ಕಚ್ಚಿಕೊಳ್ಳುತ್ತದೆ, ಸದ್ದಿಲ್ಲ. ಬೇಸಿಗೆಯಲ್ಲಿ ಹಿಂದೆ ಸರಿದಾಗ ತೆಳು ತುದಿ ಮಾತ್ರ ಗ್ರೂವ್‌ನಲ್ಲಿ ಉಳಿಯುತ್ತದೆ, ಸುತ್ತ ಸಂದಿ, ಗಡಗಡ. ಬಿಟ್ ಕೊರೆದದ್ದು ಹಾಗಲ್ಲ. ಇಳಿಜಾರು ಮುಗಿದ ಮೇಲೆ ಕೊನೆಗೆ ಮೂರು ನೂಲಿನಷ್ಟು ಅಗಲಕ್ಕೆ ಒಂದು ಚಪ್ಪಟೆ ನಾಲಿಗೆ. ಮೇಲೂ ಕೆಳಗೂ ಒಂದೇ ದಪ್ಪ, ಎರಡು ನೂಲು. ಗ್ರೂವ್ ಕೂಡ ಎರಡು ನೂಲು. ಹಲಗೆ ಎಡಕ್ಕೆ ಬಲಕ್ಕೆ ಎಷ್ಟು ಸರಿದರೂ ನಾಲಿಗೆಯ ದಪ್ಪ ಬದಲಾಗುವುದಿಲ್ಲ. ಜಾರುತ್ತದೆ, ಆದರೆ ಅಲ್ಲಾಡುವುದಿಲ್ಲ.

"ಅಂದ್ರೆ ನಮ್ಮಜ್ಜಿ ಬೀರಿನ ಸದ್ದು...?"

"ಅದು ಹತ್ತರಿ ಗುಣ. ಕೈಯಲ್ಲಿ ಚಪ್ಪಟೆ ನಾಲಿಗೆ ತೆಗೀಬಹುದಿತ್ತು, ಇನ್ನರ್ಧ ದಿನ ಜಾಸ್ತಿ. ಯಾರು ಕೊಡ್ತಾರೆ ಕೂಲಿ?"

ಎರಡು ಚೂರನ್ನೂ ಇಟ್ಟುಕೊಂಡು ಆ ರಾತ್ರಿ ಬಹಳ ಹೊತ್ತು ಕೂತಿದ್ದೆ. ಬಿಟ್‌ನ ಜೊತೆ ಬಂದ ಚೀಟಿಯಲ್ಲಿ ಯಾಕೆ ಅನ್ನುವುದು ಇಲ್ಲ ಅಂತ ದೂರಿದ್ದೆನಲ್ಲ. ಆ ಯಾಕೆ ಚೀಟಿಯಲ್ಲಿ ಇರಲಿಲ್ಲ, ಹಲ್ಲಿನ ಆಕಾರದಲ್ಲೇ ಇತ್ತು. ಎಲ್ಲೋ ಯಾರೋ ಒಬ್ಬರು ಗಡಗಡ ಅನ್ನುವ ಕದದಿಂದ ಬೇಸತ್ತು, ಆ ಅರ್ಧ ದಿನದ ಕೂಲಿಯನ್ನು ಕಾರ್ಬೈಡಿನಲ್ಲಿ ಅರೆದು ಇಟ್ಟಿದ್ದಾರೆ. ನನಗೆ ಓದಲು ಬರಲಿಲ್ಲ. ಹಾಗೆ ನೋಡಿದರೆ ಅಜ್ಜಿಯ ಬೀರಿನಲ್ಲೂ ನನಗೆ ಓದಲು ಬಂದಿರಲಿಲ್ಲ. ಎರಡು ಸಲವೂ ಸದ್ದನ್ನೇ ಹಿಡಿದುಕೊಂಡು ಕೂತೆ. ಮೊದಲು ಅದನ್ನು ಹೋಗಿಸಲು, ಆಮೇಲೆ ಅದನ್ನು ಕರೆಸಲು.

ನಾಲ್ಕನೆಯ ಕದದ ವಿಷಯ ಹೇಳಬೇಕು. ಜನವರಿಯ ಕೊನೆಗೆ ಅದರ ಹಲಗೆಯ ಎರಡೂ ಪಕ್ಕದಲ್ಲಿ, ಚೌಕಟ್ಟಿಗೆ ತಾಗಿಕೊಂಡು, ಒಂದು ಹಳದಿ ಗೆರೆ ಕಾಣಿಸಿಕೊಂಡಿತು. ಮೇಲೆ ಕೆಳಗೆ ಇಲ್ಲ, ಅಕ್ಕಪಕ್ಕದಲ್ಲಿ ಮಾತ್ರ. ಜುಲೈನಲ್ಲಿ ಗ್ರೂವ್ ಒಳಗೆ ಅಡಗಿದ್ದರಿಂದ ಪಾಲಿಶ್ ತಾಗದೆ ಉಳಿದ ಹಸಿ ಹಲಸು ಅದು, ಹಲಗೆ ಕುಗ್ಗಿದಾಗ ಹೊರಗೆ ಇಣುಕಿತ್ತು. ಸಣ್ಣ ಕುಂಚದಲ್ಲಿ ಪಾಲಿಶ್ ಮುಟ್ಟಿಸಿದರೆ ಐದು ನಿಮಿಷದ ಕೆಲಸ. ಕುಂಚ ಕೈಗೆ ತೆಗೆದುಕೊಂಡೆ, ಇಟ್ಟುಬಿಟ್ಟೆ. ಕದದ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಡಲು ಶುರು ಮಾಡಿದೆ. ಉಪ್ಪಿನ ಡಬ್ಬಿ ತೆಗೆಯುವಾಗ ಕಾಣುತ್ತದೆ:

ಫೆಬ್ರವರಿ 9, ಕಾಲು ನೂಲು.
ಮಾರ್ಚ್ 16, ಅರ್ಧ ನೂಲಿಗೆ ಸ್ವಲ್ಪ ಕಮ್ಮಿ.
ಏಪ್ರಿಲ್ 20, ಅಷ್ಟೇ. ನಿನ್ನೆ ಒಂದು ಮಳೆ.
ಮೇ 25, ಎಡಗಡೆ ಗೆರೆ ಇದೆ, ಬಲಗಡೆ ಹುಡುಕಬೇಕು.
ಜೂನ್ 22, ಎರಡೂ ಕಡೆ ಇಲ್ಲ. ಹಾನುಬಾಳಿನಿಂದ ಅಮ್ಮನ ಫೋನ್, ಮೂರು ದಿನದಿಂದ ಬಿಟ್ಟಿಲ್ಲವಂತೆ.